ಗಾಳಿ ದುರುಗಪ್ಪನ ಜೋಡಿ ಪುಸ್ತಕ

“ನೋಡು ಪ್ರಭಾ, ಆ ನಾಟಕನ ನಾನು ಪೂರ್ತಿ ಕೇಳಿದವಳೇ ಅಲ್ಲ. ರೇಡಿಯೋದಲ್ಲಿ ಅದು ಬರೋ ಹೊತ್ತಿಗೆ ನಮ್ಮನೇಲಿ ಸೀಮೆಎಣ್ಣೆ ಸ್ಟೋವು ಬರ್ ಅಂತಿರತ್ತೆ, ಅರ್ಧ ಮಾತು ಅದೇ ನುಂಗತ್ತೆ. ಹಡಗು ಯಾವ ಗ್ರಹಕ್ಕೆ ಹೊರಟಿದೆ, ಯಾಕೆ ಹೊರಟಿದೆ, ನನಗೆ ಇವತ್ತಿಗೂ ಗೊತ್ತಿಲ್ಲ. ಕ್ಯಾಪ್ಟನ್ ಜಯಂತ ಅಪ್ಪಣೆ ಕೊಡ್ತಾನೇ ಇರ್ತಾನೆ, ಡಾಕ್ಟರಮ್ಮ ಅಳ್ತಾನೇ ಇರ್ತಾಳೆ. ಮಧ್ಯ ಎಲ್ಲೋ ಒಂದ್ಸಲ ಈ ದುರುಗಪ್ಪನ್ನ ಕರೀತಾರೆ. ‘ದುರುಗಪ್ಪ, ಗಾಳಿ ಹೇಗಿದೆ?’ ಅಂತಾರೆ. ಅವನು ‘ಗಾಳಿ ಸರಿಯಾಗಿದೆ, ಸಾಹೇಬ್ರೆ’ ಅಂತಾನೆ. ವಾರಕ್ಕೆ ಅಷ್ಟೇ ಅವನ ಮಾತು. ಆ ಹಡಗಲ್ಲಿ ಎಲ್ಲರೂ ಉಸಿರಾಡೋ ಗಾಳಿ ಅವನು ಪಂಪು ಒತ್ತಿದ್ರೇನೇ ಬರೋದಂತೆ. ಅವನು ಒಂದು ದಿನ ಮಲಗಿಬಿಟ್ರೆ ಕ್ಯಾಪ್ಟನ್ನೂ ಇಲ್ಲ, ಡಾಕ್ಟರಮ್ಮನೂ ಇಲ್ಲ. ಆದ್ರೂ ಊಟ ಆಯ್ತೇನಪ್ಪಾ ಅಂತ ಅವನನ್ನ ಯಾರೂ ಕೇಳಿದ್ದಿಲ್ಲ. ನಮ್ಮನೆಯವರಿಗೆ ಅವನಂದ್ರೆ ಪ್ರಾಣ. ಬೆಳಿಗ್ಗೆ ನಾನು ‘ಏನ್ರೀ, ನಿದ್ದೆ ಬಂತಾ’ ಅಂದ್ರೆ, ‘ಗಾಳಿ ಸರಿಯಾಗಿದೆ, ಸಾಹೇಬ್ರೆ’ ಅಂತಾರೆ. ನಗಬೇಕೋ ಅಳಬೇಕೋ ಗೊತ್ತಾಗಲ್ಲ. ಲೈಬ್ರರೀಲಿ ಓದೋಕೆ ಬರೋ ಜನ ಅವನ ಮೇಲೆ ಬಂದಿರೋ ಕಾದಂಬರಿ ಇಟ್ಕೊಂಡು ಗಂಟೆಗಟ್ಟಲೆ ಜಗಳ ಆಡ್ತಾರೆ. ನಾನು ಮೂಲೇಲಿ ಕೂತು ಹರಿದ ಪುಸ್ತಕಕ್ಕೆ ದಬ್ಬಣ ಚುಚ್ಚುತಾ ಕೇಳ್ತೀನಿ. ಕೈ ನೋಯತ್ತೆ, ಸೊಂಟ ನೋಯತ್ತೆ, ಕಿವಿಗೆ ಮಾತ್ರ ಇನ್ನೂ ಆಯಾಸ ಆಗಿಲ್ಲ.”

ಅಂಬುಜಮ್ಮ ಇಷ್ಟನ್ನೂ ಹೇಳಿದ್ದು ರಾಜಾಜಿನಗರದ ಬೀದಿ ನಲ್ಲಿಯ ಹತ್ತಿರ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಪಕ್ಕದ ಮನೆಯ ಪ್ರಭಾಳಿಗೆ. ನಲ್ಲಿ ಬುಸ್ ಬುಸ್ ಎಂದು ಬರೀ ಗಾಳಿಯನ್ನೇ ಬಿಡುತ್ತಿತ್ತು. ಎಪ್ಪತ್ತಮೂರನೇ ಇಸವಿಯ ಬೇಸಿಗೆ. ನೀರು ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ; ಬಂದಾಗ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಬೇಕಿತ್ತು. ಈ ನಲ್ಲಿಯೇ ಮುಂದಿನದಕ್ಕೆಲ್ಲ ಕಾರಣವಾಯಿತು.

ಅಂಬುಜಮ್ಮನ ಗಂಡ ಗೋಪೀನಾಥಯ್ಯ ಕಾಟನ್‌ಪೇಟೆಯ ಒಂದು ಪ್ರೆಸ್ಸಿನಲ್ಲಿ ಬೈಂಡರ್ ಆಗಿದ್ದವರು. ಅವರು ರಟ್ಟು ಹಾಕಿದ ಪುಸ್ತಕವನ್ನು ಎತ್ತಿ ನೆಲಕ್ಕೆ ಒಗೆದರೂ ಒಂದು ಹಾಳೆ ಅಲ್ಲಾಡುತ್ತಿರಲಿಲ್ಲವಂತೆ. ಐವತ್ತು ದಾಟುವ ಹೊತ್ತಿಗೆ ಅವರ ಕಣ್ಣು ಮಬ್ಬಾಗುತ್ತ ಬಂತು. ಪೊರೆಯಾಗಿದ್ದರೆ ಕೀಳಿಸಬಹುದಿತ್ತು, ಇದು ನರದ್ದು, ಕತ್ತರಿಸಿ ಸರಿಮಾಡುವಂಥದ್ದಲ್ಲ ಎಂದರು ಡಾಕ್ಟರು. ಮೊದಲು ಅಕ್ಷರ ಹೋಯಿತು, ಆಮೇಲೆ ಸಾಲು ಹೋಯಿತು, ಕೊನೆಗೆ ಹಾಳೆ ಬೆಳ್ಳಗಿದೆ ಎನ್ನುವುದೊಂದೇ ಉಳಿಯಿತು. ಪ್ರೆಸ್ಸಿನವರು ಒಂದು ಹಾರ ಹಾಕಿ ಕಳಿಸಿಕೊಟ್ಟರು.

ಮನೆ ನಡೆಯಬೇಕಲ್ಲ. ಗಂಡ ಪಕ್ಕದಲ್ಲಿ ಕೂತು ಹೇಳಿಕೊಟ್ಟಂತೆ ಅಂಬುಜಮ್ಮ ಪುಸ್ತಕ ಹೊಲಿಯುವುದನ್ನು ಕಲಿತರು. ನಾಲ್ಕನೇ ಕ್ಲಾಸಿನ ಓದು. ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಸಾರು ತಳ ಹಿಡಿಯುತ್ತಿತ್ತು. ಹೊಲಿಯುವುದಕ್ಕೆ ಅಷ್ಟು ಸಾಕಾಗಿತ್ತು. ಎರಡು ಬೀದಿ ಆಚೆ ಪುರುಷೋತ್ತಮ ಎಂಬುವರು ಕಾರ್ ಷೆಡ್ಡಿನಲ್ಲಿ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ನಡೆಸುತ್ತಿದ್ದರು. ಅವರು ಕೆಲಸ ಕೊಟ್ಟರು, ಒಂದು ಮಾತನ್ನೂ ಹೇಳಿದರು.

“ಅಂಬುಜಮ್ನೋರೆ, ಬೇಜಾರು ಮಾಡ್ಕೋಬೇಡಿ. ಗೋಪೀನಾಥಯ್ಯನವರ ಕೈ ಬೇಡ. ಪೂರ್ತಿ ನಿಮ್ಮ ಕೈಯಲ್ಲೇ ಆಗಬೇಕು. ಪುಟ ಹಿಂದುಮುಂದಾದ್ರೆ ಓದೋರು ನನ್ನ ಕುತ್ತಿಗೆಗೆ ಬರ್ತಾರೆ.”

ಅಂಬುಜಮ್ಮ ಹೂಂ ಅಂದರು. ಆ ಮಾತನ್ನು ಮನೆಗೆ ಮಾತ್ರ ತರಲಿಲ್ಲ. ತಂದಿದ್ದರೆ ಗೋಪೀನಾಥಯ್ಯನಿಗೆ ದಿನವಿಡೀ ಗೋಡೆಗೆ ಒರಗಿ ಕೂರುವುದೊಂದೇ ಉಳಿಯುತ್ತಿತ್ತು. ಹೊಲಿಯುವ ಮೊದಲು ಹಾಳೆಗಳನ್ನು ಒಟ್ಟು ಮಾಡಿ, ಅಂಚು ತಟ್ಟಿ, ಸಮ ಮಾಡಿ ಜೋಡಿಸುವುದಿದೆಯಲ್ಲ, ಆ ಒಂದು ಕೆಲಸವನ್ನು ಅವರು ಬಿಟ್ಟುಕೊಟ್ಟಿರಲಿಲ್ಲ. ಹೆಬ್ಬೆರಳಿನಿಂದ ಸವರಿ, “ಹಾ, ಈಗ ಕೂತಿತು ನೋಡು” ಎಂದು ಹೆಂಡತಿಯ ಕೈಗೆ ಕೊಡುವಾಗ ಅವರ ಮುಖದಲ್ಲಿ ಹಳೆಯ ಪ್ರೆಸ್ಸಿನ ದಿನಗಳ ಕಳೆ ಬರುತ್ತಿತ್ತು. ಕೊಟ್ಟಮೇಲೆ ಅಂಬುಜಮ್ಮ ಒಂದು ಸಲ ಪುಟ ನೋಡಿಕೊಂಡು ಹೊಲಿಯುತ್ತಿದ್ದರು.

ಇನ್ನು ಲೈಬ್ರರಿಯ ಸಂಗತಿ. ರೇಡಿಯೋ ನಾಟಕದ ದುರುಗಪ್ಪ ಎಷ್ಟು ಜನಕ್ಕೆ ಹಿಡಿಸಿಬಿಟ್ಟನೆಂದರೆ, ಯಾರೋ ಪ್ರಕಾಶಕರು ಅವನೊಬ್ಬನ ಮೇಲೆಯೇ ಕೈಯಗಲದ ಪಾಕೆಟ್ ಕಾದಂಬರಿಗಳನ್ನು ತರಲು ಶುರುಮಾಡಿದರು. ರೇಡಿಯೋದಲ್ಲಿ ಒಂದೇ ಮಾತಿನವನಿಗೆ ಪುಸ್ತಕದಲ್ಲಿ ಊರು ಬಂತು, ಹೆಂಡತಿ ಬಂದಳು, ಹಡಗು ಹತ್ತುವ ಮೊದಲಿನ ಕಥೆಯೆಲ್ಲ ಬಂತು. ಒಂದೊಂದನ್ನು ಒಬ್ಬೊಬ್ಬರು ಬರೆಯುತ್ತಿದ್ದರು. ಭಾನುವಾರ ಸಾಯಂಕಾಲ ಷೆಡ್ಡಿನ ಮುಂದಿನ ಬೆಂಚಿನ ಮೇಲೆ ಅದೇ ಪಂಚಾಯ್ತಿ.

ಜಗನ್ನಾಥ ಗಡಿಯಾರದ ಕಾರ್ಖಾನೆಯ ಕೆಲಸಗಾರ, ನಾಟಕದ ಒಂದು ಕಂತನ್ನೂ ಬಿಡದೆ ಕೇಳಿದವನು. “ರೇಡಿಯೋದಲ್ಲಿ ಬರದೇ ಇದ್ದದ್ದು ನಡೆದೇ ಇಲ್ಲ, ಅಷ್ಟೇ. ಎರಡನೇ ಪುಸ್ತಕದಲ್ಲಿ ಅವನ ಹೆಂಡ್ತಿ ಚನ್ನಿ. ಮೂರನೇದ್ರಲ್ಲಿ ಗಂಗಿ. ಏನ್ರೀ ಇದು, ಒಂದೊಂದು ಗ್ರಹಕ್ಕೆ ಒಬ್ಬಳಾ?”

“ಮನೇಲಿ ಗಂಗಿ, ಹುಟ್ಟಿದಾಗ ಇಟ್ಟ ಹೆಸರು ಚನ್ನಿ. ನಮ್ಮಜ್ಜಿಗೆ ಮೂರು ಹೆಸರಿದೆ,” ಎಂದಳು ಕೋಕಿಲಾ. ಕಾಲೇಜಿಗೆ ಹೋಗುವ ಹುಡುಗಿ, ಬಸವೇಶ್ವರನಗರದ ಕಡೆಯಿಂದ ನಡೆದು ಬರುತ್ತಿದ್ದಳು. “ರೇಡಿಯೋದವರು ಅವನನ್ನ ಕೆಲಸದ ಹೊತ್ತಲ್ಲಿ ಮಾತ್ರ ನೋಡಿದಾರೆ, ಜಗನ್ನಾಥ್ ಅವರೇ. ಪುಸ್ತಕದವರು ಮನೆಗೆ ಹೋಗಿ ನೋಡಿದಾರೆ.”

“ಎಲೆಅಡಿಕೆ ಹಾಕ್ತಾನಂತೆ, ಅದನ್ನೂ ಮನೆಗೆ ಹೋಗಿ ನೋಡಿದ್ರಾ? ತೂಕವೇ ಇಲ್ಲದ ಜಾಗ. ಉಗುಳಿದ್ರೆ ಎಲ್ಲಿಗೆ ಹೋಗತ್ತೆ?”

“ಕ್ಯಾಪ್ಟನ್ನಿನ ಅಂಗಿ ಮೇಲೆ,” ಎಂದರು ಗುರುಬಸಪ್ಪ. ರಿಟೈರಾದ ಸ್ಟೇಷನ್ ಮಾಸ್ಟರು. ಒಂದು ಪುಸ್ತಕವನ್ನೂ ಓದದೆ ಎಲ್ಲ ಜಗಳದಲ್ಲೂ ಕೂರುತ್ತಿದ್ದರು. ಮೂಲೆಯಲ್ಲಿ ಚಾಪೆಯ ಮೇಲಿದ್ದ ಅಂಬುಜಮ್ಮನಿಗೂ ನಗು ಬಂತು. ರಾತ್ರಿ ಊಟ ಬಡಿಸುವಾಗ ಗಂಡನಿಗೆ ಇದನ್ನೆಲ್ಲ ಒಪ್ಪಿಸಬೇಕಿತ್ತು. ಆತ ಕಾದು ಕೂತಿರುತ್ತಿದ್ದರು.

ಪಾಕೆಟ್ ಕಾದಂಬರಿಗೆ ಬೆನ್ನಿನಲ್ಲಿ ಬರೀ ಗೋಂದು. ಮೂರು ಮನೆ ತಿರುಗುವಷ್ಟರಲ್ಲಿ ಹಾಳೆ ಹಾಳೆ ಬಿಚ್ಚಿಕೊಳ್ಳುತ್ತಿತ್ತು. ಅದಕ್ಕೇ ಪುರುಷೋತ್ತಮ ಹೊಸದು ಬಂದ ಕೂಡಲೇ ಬಣ್ಣದ ಮುಖಪುಟ ಕೀಳಿಸಿ ಷೆಡ್ಡಿನ ತಂತಿಗೆ ನೇತುಹಾಕಿಸುತ್ತಿದ್ದರು. ಒಳಗಿನದನ್ನು ಎರಡೆರಡು ಪುಸ್ತಕ ಸೇರಿಸಿ ಒಂದೇ ರಟ್ಟಿಗೆ ಹೊಲಿಸುತ್ತಿದ್ದರು. ಅದಕ್ಕೆ ಜೋಡಿ ಪುಸ್ತಕ ಎಂದೇ ಹೆಸರು. ಮುಖಪುಟ ಕಿತ್ತರೆ ಹೆಸರಿದ್ದ ಮೊದಲ ಹಾಳೆಯೂ ಅದರ ಜೊತೆಗೇ ಬಂದುಬಿಡುತ್ತಿತ್ತು.

ದುರುಗಪ್ಪನ ನಾಲ್ಕನೇ, ಐದನೇ ಪುಸ್ತಕಗಳು ಹೀಗೆ ಜೋಡಿಯಾಗಬೇಕಿದ್ದ ದಿನ ಅಂಬುಜಮ್ಮನಿಗೆ ಮೈ ಬಿಸಿಯಿತ್ತು. ಎರಡರ ಮುಖಪುಟವನ್ನೂ ಕಿತ್ತು ಬೇರೆ ಬೇರೆ ಇಟ್ಟಿದ್ದರು. ಅಷ್ಟರಲ್ಲಿ ಪ್ರಭಾ ಹೊರಗಿನಿಂದ “ಅಂಬುಜಮ್ಮ, ನೀರು ಬಂತು” ಎಂದು ಕೂಗಿದಳು. ಕೊಡ ಹಿಡಿದು ಓಡಿದರು. ತುಂಬಿಸಿಕೊಂಡು ಬರುವಷ್ಟರಲ್ಲಿ ಗೋಪೀನಾಥಯ್ಯ ತಡವಿ ತಡವಿ ಎರಡನ್ನೂ ಸೇರಿಸಿ, ಅಂಚು ತಟ್ಟಿ, ಕಲ್ಲು ಹೇರಿ ಇಟ್ಟಿದ್ದರು. “ನೀನು ದಣಿದಿದೀಯ. ನಾನೇ ಮುಗಿಸ್ದೆ. ದಾರ ಹಾಕು, ಸಾಕು.” ಅಂದು ಅಂಬುಜಮ್ಮ ಪುಟ ನೋಡಲಿಲ್ಲ. ದಾರ ಹಾಕಿದರು, ರಟ್ಟು ಅಂಟಿಸಿದರು, ಮಲಗಿದರು.

ಆ ಜೋಡಿ ಪುಸ್ತಕವನ್ನು ಮೊದಲು ಒಯ್ದವಳು ಕೋಕಿಲಾ. ಮುಂದಿನ ಭಾನುವಾರ ಬೆಂಚಿನ ಮೇಲೆ ಜಗನ್ನಾಥ ತಲೆ ತಗ್ಗಿಸಿ ಕೂತಿದ್ದ. ನಾಲ್ಕನೇ, ಐದನೇ ಪುಸ್ತಕ ಎರಡನ್ನೂ ಅವನು ಮೆಜೆಸ್ಟಿಕ್ಕಿನ ಫುಟ್‌ಪಾತಿನಲ್ಲಿ ಕೊಂಡು ಓದಿ ಮುಗಿಸಿದ್ದ.

“ಪುಸ್ತಕ ನಂಬಲ್ಲ ಅಂದವನು ನಾನು. ಆದ್ರೂ ಮನಸ್ಸಿಗೆ ಒಂಥರಾ ಆಯ್ತು, ಸಾರ್. ದುರುಗಪ್ಪ ಉಳಿದವರಿಗೆ ಗಾಳಿ ಬಿಟ್ಟುಕೊಟ್ಟು ಒಳಗಿಂದ ಬಾಗಿಲು ಹಾಕ್ಕೊಂಡುಬಿಟ್ಟ.”

“ಅದು ಮೊದಲನೇ ಅರ್ಧ,” ಎಂದಳು ಕೋಕಿಲಾ. “ಆಮೇಲೆ ಬದುಕ್ತಾನಲ್ಲ.”

“ಯಾವ ಆಮೇಲೆ? ಕಣ್ಣು ಮುಚ್ಚಿದ, ಮುಗೀತು.”

“ಕಣ್ಣು ಮುಚ್ಚಿದ, ಮುಂದಿನ ಪುಟದಲ್ಲೇ ಕಣ್ಣು ಬಿಟ್ಟ. ಊರಲ್ಲಿ, ಅವನ ಮನೆ ಜಗುಲಿ ಮೇಲೆ. ಹೆಂಡ್ತಿ ಕಷಾಯ ತಂದುಕೊಡ್ತಾಳೆ. ರಜೆ ಪೂರ್ತಿ ಊರಲ್ಲಿದ್ದು ಕೊನೇಲಿ ಮತ್ತೆ ಹಡಗು ಹತ್ತುತಾನೆ. ಸತ್ತವನಿಗೆ ಯಾರ್ರೀ ರಜೆ ಕೊಡ್ತಾರೆ?”

“ರೈಲ್ವೇಲಿ ಕೊಟ್ಟಿದ್ದುಂಟು,” ಎಂದರು ಗುರುಬಸಪ್ಪ.

ಜಗನ್ನಾಥ ನಗಲಿಲ್ಲ. “ಅದು ನಾಲ್ಕನೇದು. ಸಾಯೋಕೆ ಮುಂಚೆ ನಡೆದದ್ದು. ನನ್ನ ಪುಸ್ತಕ ಎರಡೂ ಕೆಂಗೇರೀಲಿ ಅಕ್ಕನ ಮನೇಲಿದೆ. ಬರೋ ಭಾನುವಾರ ತರ್ತೀನಿ. ನೀವು ನಿಮ್ಮದನ್ನ ತನ್ನಿ. ಪಕ್ಕಪಕ್ಕ ಇಟ್ಟು ನೋಡೋಣ.”

ಅಂಬುಜಮ್ಮನ ಕೈಯಲ್ಲಿದ್ದ ದಬ್ಬಣ ಅಲ್ಲೇ ನಿಂತಿತು. ನಲ್ಲಿಗೆ ಓಡಿದ್ದು, ಬಂದಾಗ ಕಲ್ಲು ಹೇರಿದ್ದ ಕಟ್ಟು, ಪುಟ ನೋಡದೆ ದಾರ ಹಾಕಿದ್ದು ಎಲ್ಲ ಒಟ್ಟಿಗೆ ಕಣ್ಣಿಗೆ ಕಟ್ಟಿತು. ಪುಸ್ತಕ ಹಿಂದುಮುಂದಾದದ್ದೇನೂ ದೊಡ್ಡದಲ್ಲ. ಬಿಚ್ಚಿ ಹೊಲಿದರೆ ಆಯಿತು. ಆದರೆ ಜೋಡಿಸಿದ್ದು ಯಾರೆಂಬ ಮಾತು ಬಂದರೆ ಗಂಡನ ಕೈ ಕೆಲಸ ಅಂದಿಗೆ ನಿಲ್ಲುತ್ತದೆ. ನಿಂತರೆ ಅದನ್ನು ಆತನಿಗೆ ಬಾಯಿಬಿಟ್ಟು ಹೇಳಬೇಕಾದವರು ತಾವೇ.

ಮನೆಗೆ ಬಂದರೆ ಗೋಪೀನಾಥಯ್ಯ ಬಾಗಿಲಲ್ಲೇ ಕೇಳಿದರು. “ಏನಂದ್ರು ಜೋಡಿ ಪುಸ್ತಕಕ್ಕೆ? ಅಂಚು ನೋಡಿದ್ರಾ ಯಾರಾದ್ರೂ?”

“ನೋಡಿದ್ರು. ಗಟ್ಟಿಯಾಗಿದೆ ಅಂದ್ರು.”

“ದುರುಗಪ್ಪ ಏನಾದ?”

“ಊರಿಗೆ ಬಂದಿದಾನೆ. ಹೆಂಡ್ತಿ ಕಷಾಯ ಮಾಡ್ಕೊಟ್ಟಳು.”

“ಹಾಗಿರಬೇಕು,” ಎಂದು ಅವರು ತಟ್ಟೆಗೆ ಕೈ ಹಾಕಿದರು.

ಎರಡು ದಿನ ತಡೆದು, ಮಧ್ಯಾಹ್ನದ ಬಿಸಿಲಿನಲ್ಲಿ ಅಂಬುಜಮ್ಮ ಕೋಕಿಲಾಳ ಮನೆ ಹುಡುಕಿಕೊಂಡು ಹೊರಟರು. ಬಸವೇಶ್ವರನಗರದಲ್ಲಿ ಆಗ ಮನೆಗಿಂತ ಸೈಟುಗಳೇ ಹೆಚ್ಚು. ನೆರಳಿಗೆಂದು ನಿಲ್ಲಲು ಗೋಡೆ ಸಿಕ್ಕಿದರೆ ಅದು ಅರ್ಧ ಕಟ್ಟಿದ ಗೋಡೆ. ಎರಡು ಕಡೆ ದಾರಿ ತಪ್ಪಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಕೊನೆಗೆ ಮನೆ ಮುಟ್ಟಿದರು. ಹುಡುಗಿ ಹಜಾರದಲ್ಲಿ ಅದೇ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದಳು. ಅವಳ ಅಜ್ಜಿ ಅಕ್ಕಯ್ಯಮ್ಮ ಮಂಚದ ಮೇಲೆ ಕಾಲು ನೀಡಿಕೊಂಡು ಕೇಳುತ್ತಿದ್ದರು.

“ದಾರ ಸಡಿಲ ಬಿಟ್ಟಿದೀನಿ ಅನ್ನಿಸ್ತು ಕಣಮ್ಮ. ಕೊಡು, ಹೊಲಿದು ತಂದುಕೊಡ್ತೀನಿ.”

ಕೋಕಿಲಾ ಪುಸ್ತಕದ ಎರಡು ರಟ್ಟು ಹಿಡಿದು ಎಳೆದು ನೋಡಿದಳು. “ಕಲ್ಲಿದ್ದ ಹಾಗಿದೆ, ಅಂಬುಜಮ್ಮ. ಇದಕ್ಕೋಸ್ಕರ ಈ ಬಿಸಿಲಲ್ಲಿ ಬಂದ್ರಾ? ಕೂತ್ಕೊಳ್ಳಿ, ಮಜ್ಜಿಗೆ ತರ್ತೀನಿ.”

“ಪುಸ್ತಕ ಈಗ ಒಯ್ಯೋದು ಬೇಡಮ್ಮ ತಾಯಿ,” ಎಂದರು ಅಕ್ಕಯ್ಯಮ್ಮ. “ನಿನ್ನೆ ಅವನು ಬಾಗಿಲು ಹಾಕ್ಕೊಂಡಾಗ ನನಗೆ ಊಟ ಸೇರಲಿಲ್ಲ. ಇವತ್ತು ಬದುಕಿ ಬಂದಿದಾನೆ. ಒಂದಿಷ್ಟು ಸುಖವಾಗಿ ಕೇಳ್ತೀನಿ. ನೀವೂ ಕೇಳಿ.”

ಅಂಬುಜಮ್ಮ ಮಜ್ಜಿಗೆ ಕುಡಿದು, ದುರುಗಪ್ಪ ಮಗನಿಗೆ ಈಜು ಕಲಿಸುವ ಭಾಗ ಕೇಳಿ, ಬರಿಗೈಯಲ್ಲಿ ಮನೆಗೆ ಬಂದರು.

ಭಾನುವಾರ ಬಂತು. ಪುರುಷೋತ್ತಮ ತಮ್ಮ ಮೇಜು ಖಾಲಿ ಮಾಡಿಕೊಟ್ಟರು. ಜಗನ್ನಾಥನ ಎರಡು ಪುಸ್ತಕ ಒಂದು ಕಡೆ, ಮುಖಪುಟದ ಮೇಲೆ ದೊಡ್ಡದಾಗಿ ನಾಲ್ಕು, ಐದು ಎಂದು ಅಚ್ಚಾಗಿತ್ತು. ಕೋಕಿಲಾಳ ಜೋಡಿ ಪುಸ್ತಕ ಇನ್ನೊಂದು ಕಡೆ. ಪುರುಷೋತ್ತಮ ಮೊದಲ ಪುಟ ನೋಡಿದರು, ನಡುವೆ ತೆರೆದು ನೋಡಿದರು, ಕನ್ನಡಕ ತೆಗೆದರು.

“ಐದು ಮೊದಲು, ನಾಲ್ಕು ಆಮೇಲೆ ಹೊಲಿದಿದೆ.”

“ನಾನು ಹೇಳಲಿಲ್ವಾ ಸಾರ್,” ಎಂದ ಜಗನ್ನಾಥ. ಆದರೆ ಗೆದ್ದವನ ಮುಖ ಅವನಿಗಿರಲಿಲ್ಲ. ಕೋಕಿಲಾ ಜೋಡಿ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡಳು.

“ಅಂಬುಜಮ್ನೋರೆ,” ಎಂದರು ಪುರುಷೋತ್ತಮ, ತಿರುಗದೆ, “ಇದನ್ನ ಜೋಡಿಸಿದ್ದು ಯಾರು?”

“ನಾನೇ. ಜ್ವರ ಇತ್ತು ಅವತ್ತು. ಪುಟ ನೋಡಲಿಲ್ಲ.”

“ನಿಮ್ಮ ಕೈಯಲ್ಲಿ ಈ ಥರ ಆಗಿದ್ದಿಲ್ಲ.”

“ಇದೊಂದು ಆಯ್ತು.”

ಅವರು ಇನ್ನೇನೋ ಕೇಳಲು ಹೋಗಿ, ಕೇಳದೆ ಕನ್ನಡಕ ಮತ್ತೆ ಹಾಕಿಕೊಂಡರು. ಕೇಳದೇ ಇದ್ದದ್ದು ಏನೆಂದು ಅಂಬುಜಮ್ಮನಿಗೆ ಅರ್ಥವಾಯಿತು. “ಬಿಚ್ಚಿ ಸರಿಮಾಡಿ ತನ್ನಿ. ಇನ್ನುಮುಂದೆ ಮನೇಲಿ ಜೋಡಿಸೋದು ಬೇಡ. ಇಲ್ಲೇ ನನ್ನ ಮುಂದೆ ಜೋಡಿಸಿ, ಆಮೇಲೆ ಮನೆಗೆ ತಗೊಂಡು ಹೋಗಿ ಹೊಲಿಯಿರಿ.”

ಹೂಂ ಎಂದು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡರು. ಬೀದಿಯ ತಿರುವಿನವರೆಗೆ ಕೋಕಿಲಾ ಜೊತೆಗೆ ಬಂದಳು. “ಅಜ್ಜಿಗೆ ನಾನು ಹೇಳಲ್ಲ, ಅಂಬುಜಮ್ಮ. ಅವರ ಪಾಲಿಗೆ ಅವನು ಹಡಗಲ್ಲಿ ಇರಲಿ.”

“ಇರಲಿ ಬಿಡಮ್ಮ,” ಎಂದರು ಅವರು. ಗಂಡನಿಗೆ ಏನು ಹೇಳುವುದೆಂದು ಯೋಚಿಸುತ್ತ ಹೋದರು. ನವರಂಗ್ ಟಾಕೀಸಿನ ಮುಂದಿನ ಜನ ದಾಟಿದರೂ ಮಾತು ಸಿಗಲಿಲ್ಲ. ಇನ್ನು ನಾಳೆಯಿಂದ ಆತನ ಮುಂದೆ ಬಿಡಿ ಹಾಳೆ ಬರುವುದಿಲ್ಲ. ಯಾಕೆ ಬರಲಿಲ್ಲ ಎಂದು ನಾಳೆಯೇ ಕೇಳುತ್ತಾರೆ.

ಮನೆಯಲ್ಲಿ ದೀಪ ಹಚ್ಚಿ, ಚಾಪೆ ಹಾಸಿ, ಚೂರಿ ತೆಗೆದು ದಾರ ಕತ್ತರಿಸತೊಡಗಿದರು. ದಾರ ಹರಿಯುವ ಸದ್ದು ಗೋಪೀನಾಥಯ್ಯನ ಕಿವಿಗೆ ಹೊಸದಲ್ಲ.

“ಏನು ಬಿಚ್ತಾ ಇದೀಯೆ?”

“ಒಂದು ಹಳೇ ಪುಸ್ತಕ ರೀ.”

“ಹಳೇದಲ್ಲ. ಅಂಟಿನ ವಾಸನೆ ಇನ್ನೂ ಹೋಗಿಲ್ಲ.” ಕೈ ಚಾಚಿದರು. ಕೊಡದೆ ವಿಧಿಯಿರಲಿಲ್ಲ. ಬಿಚ್ಚಿದ ಎರಡು ಕಟ್ಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಲ್ಲಿ ಅಂಚು ಸವರಿದರು. ಒಂದರ ಮೇಲೊಂದು ಇಟ್ಟರು, ಮತ್ತೆ ತೆಗೆದರು.

“ಹಿಂದುಮುಂದಾಗಿತ್ತಾ?”

“ನನ್ನಿಂದ ಆಯ್ತು. ಜ್ವರದಲ್ಲಿ ಏನೋ.”

“ನೀನು ನಲ್ಲಿ ಹತ್ರ ಇದ್ದೆ ಕಣೇ.”

ಹೊರಗೆ ಪ್ರಭಾ ಬಕೆಟ್ಟು ಸಾಲಿನಲ್ಲಿಡುವ ಸದ್ದಾಯಿತು.

“ಪುರುಷೋತ್ತಮ ಏನಂದ?”

“ಅಲ್ಲೇ ಅವರ ಮುಂದೆ ಜೋಡಿಸಬೇಕಂತೆ.”

“ನೀನು ನಿನ್ನ ಮೇಲೆ ಹಾಕ್ಕೊಂಡೆ.”

“ಇನ್ನೇನು ಮಾಡಲಿ.”

ಅವರು ಎರಡು ಕಟ್ಟನ್ನೂ ಹೆಂಡತಿಯ ಕಡೆಗೆ ಸರಿಸಿದರು. “ಯಾವುದು ಮೊದಲು ಅಂತ ನನಗೆ ಗೊತ್ತಾಗ್ತಿಲ್ಲ. ಎರಡೂ ಒಂದೇ ಥರ ಇದೆ. ಅವತ್ತೂ ಗೊತ್ತಾಗಿರಲಿಲ್ಲ. ನಿನ್ನ ಕೇಳೋಕೆ ನಾಚಿಕೆಯಾಯ್ತು, ಕಣ್ಣು ಮುಚ್ಕೊಂಡು ಇಟ್ಟುಬಿಟ್ಟೆ. ಅಲ್ಲೇ ಜೋಡಿಸಿಕೊಂಡು ಬಾ. ಅದೇ ಒಳ್ಳೇದು.” ಆಮೇಲೆ ಕೇಳಿದರು. “ಹಾಗಾದ್ರೆ ಕೊನೇಲಿ ಅವನು ಸತ್ತನಾ?”

“ಐದನೇದ್ರಲ್ಲಿ ರೀ. ಎಲ್ಲರಿಗೂ ಗಾಳಿ ಬಿಟ್ಟುಕೊಟ್ಟು.”

“ಹೂಂ.” ಅವರು ಗೋಡೆಗೆ ಒರಗಲಿಲ್ಲ. ಚಾಪೆಯ ಅಂಚನ್ನು ತಡವಿ ಅಂಟಿನ ಪಾತ್ರೆ ಹುಡುಕಿದರು. “ಮೈದಾ ಎಲ್ಲಿಟ್ಟಿದೀಯ? ಅಂಟು ನಾನು ಕಲೆಸ್ತೀನಿ. ಗಂಟಾಗಿದೆಯೋ ಇಲ್ವೋ ಅನ್ನೋದಕ್ಕೆ ಕಣ್ಣು ಬೇಡ. ಹುಳ ಹಿಡೀದ ಹಾಗೆ ಹಾಕೋ ಮೈಲುತುತ್ತ ಮಾತ್ರ ನೀನೇ ಹಾಕು, ವಿಷ ಅದು.”

ಅಂಬುಜಮ್ಮ ಮೈದಾ ಡಬ್ಬಿ ತಂದು ಅವರ ಬಲಗೈ ಹತ್ತಿರ ಇಟ್ಟರು, ನೀರಿನ ಚೊಂಬನ್ನು ಎಡಕ್ಕೆ ಇಟ್ಟರು. ನಾಲ್ಕನೇದನ್ನು ಮೇಲಿಟ್ಟು, ಐದನೇದನ್ನು ಕೆಳಗಿಟ್ಟು, ಅಕ್ಷರ ಕೂಡಿಸಿ ಮೊದಲ ಸಾಲು ಓದಿ ನೋಡಿ, ಕಲ್ಲು ಹೇರಿದರು.

ಅಷ್ಟರಲ್ಲಿ ನಲ್ಲಿ ಬುಸ್ ಎಂದು, ಬಕೆಟ್ಟಿಗೆ ನೀರು ಬಿದ್ದ ಸದ್ದಾಯಿತು.

“ನೀರು ಬಂತು, ಹೋಗು,” ಎಂದರು ಗೋಪೀನಾಥಯ್ಯ. “ಇಲ್ಲಿ ನಾನು ಯಾವುದನ್ನೂ ಮುಟ್ಟಲ್ಲ.”

ಅಂಬುಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೊಡ ಎತ್ತಿಕೊಂಡು ಹೊರಗೆ ಹೋಗಿ ಪ್ರಭಾಳ ಹಿಂದೆ ನಿಂತರು. ಸರದಿ ಬಂದಾಗ ಹಿತ್ತಾಳೆ ಕೊಡವನ್ನು ಹುಣಸೆಹಣ್ಣಿನಿಂದ ಒಂದು ಸಲ ಉಜ್ಜಿ ತೊಳೆದು, ನಲ್ಲಿಯ ಕೆಳಗಿಟ್ಟು, ಕೊಡದ ಬಾಯಿಗೆ ಬಟ್ಟೆ ಕಟ್ಟಿ, ನೀರು ತುಂಬುವುದನ್ನು ನೋಡುತ್ತ ಕೂತರು.